ಸುರಪುರದ ರಾಜಾ ವೆಂಕಟಪ್ಪ ನಾಯಕ: 1858ರ ಪ್ರತಿರೋಧದ ಹಿನ್ನೆಲೆ ಮತ್ತು ಪರಿಣಾಮ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸೀಮೆಯನ್ನು ಬೇಡ ನಾಯಕರು ಆಳುತ್ತಿದ್ದ ಸುರಪುರ ಸಂಸ್ಥಾನವು 1858ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡಿನ ಮೇಲೆ ಏರಿಹೋಯಿತು. ಕಾಳಗ ಎರಡೇ ದಿನಗಳಲ್ಲಿ ಮುಗಿಯಿತು. ಅದನ್ನು ಮುನ್ನಡೆಸಿದ ರಾಜಾ ವೆಂಕಟಪ್ಪ ನಾಯಕನಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸಿನ ಹರೆಯ. ಈ ದಂಗೆಯನ್ನು ಉತ್ತರ ಭಾರತದ 1857ರ ಬಂಡಾಯದ ಕಿಡಿಯೆಂದೋ, ಅನುಭವವಿಲ್ಲದ ಅರಸನ ದುಡುಕೆಂದೋ ವಿವರಿಸುವುದು ವಾಡಿಕೆ. ಆದರೆ ಸಂಸ್ಥಾನದ ಕಪ್ಪ, ಸಾಲ, ಉತ್ತರಾಧಿಕಾರ ಮತ್ತು ಸೈನ್ಯಪದ್ಧತಿಗಳ ಚರಿತ್ರೆಯನ್ನು ಗಮನಿಸಿದರೆ, ಹಲವು ದಶಕಗಳಿಂದ ಬೆಳೆದುಬಂದ ಹೊರಗಿನ ಹಸ್ತಕ್ಷೇಪವೇ ಅದರ ಮೂಲವೆಂದು ತಿಳಿಯುತ್ತದೆ.

ನಾಯಕ ಅರಸುಮನೆ ಮತ್ತು ಬೇಡರ ಪಡೆ

ಸುರಪುರದ ನಾಯಕರ ಮೊದಲಿನ ನೆಲೆ ಇಂದಿನ ಶಹಾಪುರ ತಾಲ್ಲೂಕಿನ ಸಗರ. ಬಿಜಾಪುರದ ಆದಿಲಶಾಹಿ ಅಳಿದ ಮೇಲೆ, 1687ರಲ್ಲಿ, ಸಗರ ಮೊಘಲರ ವಶವಾಯಿತು. ಆಗ ನಾಯಕರು ಸುರಪುರದ ಸಮೀಪದ ವಾಗಣಗೇರಾ ಕೋಟೆಯನ್ನು ಬಲಪಡಿಸಿಕೊಂಡರು. 1705ರ ಫೆಬ್ರವರಿಯಲ್ಲಿ ಔರಂಗಜೇಬನೇ ಖುದ್ದಾಗಿ ವಾಗಣಗೇರಾಕ್ಕೆ ಮುತ್ತಿಗೆ ಹಾಕಿದನು. ಮರಾಠರ ನೆರವು ಪಡೆದ ಅಂದಿನ ಅರಸ ಪಿಡ್ಡ ನಾಯಕನು ಸುಮಾರು ಮೂರು ತಿಂಗಳು ಕೋಟೆಯನ್ನು ಕಾಯ್ದು, ಏಪ್ರಿಲ್ ಕೊನೆಗೆ ರಾತ್ರೋರಾತ್ರಿ ತನ್ನವರೊಡನೆ ಹೊರಬಿದ್ದನು. ಬಾದಶಹನು ತಾನೇ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಇದು. ಇದಾದ ಮೇಲೆ ಅವನು ಕೃಷ್ಣಾ ತೀರದ ದೇವಾಪುರದಲ್ಲಿ ಬೀಡುಬಿಟ್ಟು, ಅಲ್ಲಿಯೇ ಕಾಯಿಲೆ ಬಿದ್ದನು. ಕಾಲಾನಂತರ ಸುರಪುರವೇ ಸಂಸ್ಥಾನದ ರಾಜಧಾನಿಯಾಗಿ ಬೆಳೆಯಿತು.

ಈ ಅರಸೊತ್ತಿಗೆಯ ಬಲವೆಲ್ಲ ಬೇಡರ ಪಡೆಯಲ್ಲಿತ್ತು. ಬೇಡ ಕುಟುಂಬಗಳು ಉಂಬಳಿ ಭೂಮಿಯನ್ನು ಉಂಡು, ಕರೆ ಬಂದಾಗ ಆಯುಧ ಹಿಡಿದು ಹಾಜರಾಗುತ್ತಿದ್ದವು. ಹೀಗೆ ಭೂಮಿಯ ಹಕ್ಕು, ಆಯುಧದ ಹಕ್ಕು ಮತ್ತು ಅರಸನ ಮೇಲಿನ ನಿಷ್ಠೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಕಂದಾಯದ ಲೆಕ್ಕ ಬಿಗಿಗೊಳಿಸುವುದಾಗಲಿ, ಆಯುಧ ಕಸಿಯುವುದಾಗಲಿ, ಅರಸನ ಅಧಿಕಾರಕ್ಕೆ ಮಿತಿ ಹಾಕುವುದಾಗಲಿ, ಇಡೀ ಸಮುದಾಯವನ್ನೇ ತಟ್ಟುತ್ತಿತ್ತು.

ಕಪ್ಪ, ಸಾಲ ಮತ್ತು ಉತ್ತರಾಧಿಕಾರದ ಜಗಳ

ಮೊಘಲರ ನಂತರ ಸುರಪುರ ಹೈದರಾಬಾದ್ ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನವಾಯಿತು. 1800ರಲ್ಲಿ ಕಂಪನಿ ಮತ್ತು ನಿಜಾಮನ ನಡುವೆ ಆದ ಒಪ್ಪಂದದಲ್ಲಿ ಸುರಪುರ ಮತ್ತು ಗದ್ವಾಲಗಳ ಹೆಸರು ಹೇಳಿಯೇ, ಅವು ಕೊಡಬೇಕಾದ ಹಣ ತಡೆಹಿಡಿದರೆ ಕಂಪನಿಯ ಸೈನ್ಯವನ್ನು ಬಳಸಬಹುದೆಂಬ ಕಲಮು ಸೇರಿತು. ಅಲ್ಲಿಂದ ಸುರಪುರದ ಮೇಲೆ ಇಬ್ಬರ ಹಿಡಿತ ಬಿತ್ತು. ಕಪ್ಪದ ಜೊತೆಗೆ ಪಟ್ಟಾಭಿಷೇಕದ ನಜರಾಣೆಯೂ ಸೇರಿ ಖಜಾನೆ ಸಾಲದಲ್ಲಿ ಮುಳುಗಿತು.

1841ರ ಸುಮಾರಿಗೆ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ಆಡಳಿತ ಯಾರ ಕೈಯಲ್ಲಿರಬೇಕೆಂದು ರಾಣಿ ಈಶ್ವರಮ್ಮ ಮತ್ತು ಕೃಷ್ಣಪ್ಪನ ತಮ್ಮ ಪಿಡ್ಡ ನಾಯಕನ ನಡುವೆ ಜಗಳವೆದ್ದಿತು. ಇದೇ ಸಂದರ್ಭದಲ್ಲಿ ನಿಜಾಮನ ಸೇವೆಯಲ್ಲಿದ್ದ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದನು. 1853ರವರೆಗೆ, ಅಂದರೆ ಹೆಚ್ಚುಕಡಿಮೆ ಹನ್ನೆರಡು ವರ್ಷ, ಸಂಸ್ಥಾನದ ಕಾರಭಾರ ಅವನ ಮೇಲುಸ್ತುವಾರಿಯಲ್ಲಿ ನಡೆಯಿತು.

ಟೇಲರ್‌ನ ಕಾಲದಲ್ಲಿ ಕಂದಾಯ ವ್ಯವಸ್ಥೆ ಸುಧಾರಿಸಿತು, ರಸ್ತೆಗಳಾದವು, ಬೋನಾಳದ ಕೆರೆಯಂಥ ನೀರಾವರಿ ಕೆಲಸಗಳು ನಡೆದವು. ರಾಜನಕೋಳೂರು ಮತ್ತು ವಿಭೂತಿಹಳ್ಳಿಯ ಬೃಹತ್ ಶಿಲಾಯುಗದ ನೆಲೆಗಳನ್ನು ಅವನೇ ಮೊದಲು ವಿದ್ವತ್ ಲೋಕಕ್ಕೆ ಪರಿಚಯಿಸಿದನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಆದರೆ ಇದೇ ಅವಧಿಯಲ್ಲಿ ಅರಮನೆಯ ಅಧಿಕಾರ ಕುಗ್ಗಿತು. ಆಡಳಿತದ ನಿರ್ಧಾರಗಳು ರಾಣಿ ಮತ್ತು ನಾಯಕ ಮನೆತನದ ಹಿರಿಯರನ್ನು ದಾಟಿ ಹೊರಗಿನ ಅಧಿಕಾರಿಯ ಕೈ ಸೇರಿದವು.

1853: ಅಧಿಕಾರ ಬಂದರೂ ಬಿಗಿಯಾದ ಸುತ್ತುವರಿಕೆ

1853ರಲ್ಲಿ ವೆಂಕಟಪ್ಪ ನಾಯಕನಿಗೆ ಆಡಳಿತ ವಹಿಸಿಕೊಡಲಾಯಿತು. ಅದೇ ವರ್ಷ ನಿಜಾಮನು ತನ್ನ ಕಂಟಿಂಜೆಂಟ್ ಸೈನ್ಯದ ವೆಚ್ಚಕ್ಕಾಗಿ ಬೇರಾರ, ನಳದುರ್ಗ ಮತ್ತು ರಾಯಚೂರು ದೋಆಬ್ ಪ್ರದೇಶಗಳನ್ನು ಬ್ರಿಟಿಷರಿಗೆ ಒಪ್ಪಿಸಿದನು. ಇದರಿಂದ ಕೃಷ್ಣೆಯ ಆಚೆ ದಡದವರೆಗೆ ಬ್ರಿಟಿಷ್ ಆಡಳಿತ ಬಂದಿತು. ಲಿಂಗಸುಗೂರಿನ ದಂಡು ಸುರಪುರದಿಂದ ದೂರವೇನೂ ಇರಲಿಲ್ಲ. ಅರಸನಿಗೆ ಗಾದಿ ಸಿಕ್ಕ ಗಳಿಗೆಯಲ್ಲೇ ಅವನ ನೆರೆಯೂ ಬದಲಾಗಿತ್ತು.

ಮುಂದಿನ ನಾಲ್ಕು ವರ್ಷಗಳಲ್ಲಿ ಸಂಸ್ಥಾನ ಮತ್ತೆ ಸಾಲಕ್ಕೆ ಸಿಲುಕಿತು. 1857ರಲ್ಲಿ ಉತ್ತರದ ಬಂಡಾಯದ ಸುದ್ದಿಗಳು ದಕ್ಷಿಣಕ್ಕೆ ತಲುಪಿದವು. ಬಂಡಾಯದ ಮುಖಂಡ ನಾನಾ ಸಾಹೇಬನ ಕಡೆಯವರು ದಕ್ಷಿಣದ ಸಂಸ್ಥಾನಿಕರನ್ನು ಸಂಪರ್ಕಿಸುತ್ತಿದ್ದಾರೆಂಬ ಗುಮಾನಿ ಬ್ರಿಟಿಷರನ್ನು ಕಾಡಿತು. ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಒಪ್ಪದ ಹಲಗಲಿ ಗ್ರಾಮದ ಬೇಡರನ್ನು ಅದೇ ವರ್ಷದ ನವೆಂಬರಿನಲ್ಲಿ ಕಂಪನಿ ಸೈನ್ಯ ಬಗ್ಗುಬಡಿಯಿತು. ಬೇಡರ ಅರಸುಮನೆಯಾದ ಸುರಪುರದಲ್ಲಿ ಅರಬ್ ಮತ್ತು ರೋಹಿಲಾ ಸಿಪಾಯಿಗಳು ಸೇರತೊಡಗಿದರು.

1858ರ ಫೆಬ್ರವರಿಯ ಕಾಳಗ

ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಡೇವಿಡ್‌ಸನ್ 1858ರ ಜನವರಿಯಲ್ಲಿ ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್‌ನನ್ನು ಸುರಪುರಕ್ಕೆ ಕಳುಹಿಸಿದನು. ಮಾತುಕತೆ ಫಲಿಸಲಿಲ್ಲ. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್‌ಹ್ಯಾಮ್‌ನ ನೇತೃತ್ವದಲ್ಲಿ ಕಂಟಿಂಜೆಂಟ್ ಪಡೆ ಬಂದು ಊರ ಹೊರಗೆ ಬೀಡುಬಿಟ್ಟಿತು. ಅರಸನ ಕಡೆಯವರು ತೋರಿಸಿದ್ದು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗ. ವಿಂಡ್‌ಹ್ಯಾಮ್ ಅದನ್ನು ಬಿಟ್ಟು ಬಯಲನ್ನು ಆರಿಸಿಕೊಂಡನೆಂದು ಟೇಲರ್ ಬರೆದಿದ್ದಾನೆ.

ಫೆಬ್ರವರಿ 7ರ ರಾತ್ರಿ ಬೇಡರು ಮತ್ತು ಕೂಲಿ ಸಿಪಾಯಿಗಳು ಈ ಬೀಡಿನ ಮೇಲೆ ಬಿದ್ದರು. ರಾತ್ರಿಯ ದಾಳಿಯಲ್ಲಿ ಬೀಡು ಕೈವಶವಾಗಲಿಲ್ಲ. ಮರುದಿನ ಲಿಂಗಸುಗೂರಿನಿಂದ ಹೆಚ್ಚಿನ ಬಲ ಬಂದು ಕಾಳಗ ಊರಿನತ್ತ ಸರಿಯಿತು. ಆ ದಿನದ ಕದನದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತನು; ಲೆಫ್ಟಿನೆಂಟ್ ಸ್ಟುವರ್ಟ್ ಮಾರಣಾಂತಿಕವಾಗಿ ಗಾಯಗೊಂಡನು. ಇತ್ತ ಕರ್ನಲ್ ಹ್ಯೂಸ್ ಮತ್ತು ಕರ್ನಲ್ ಮಾಲ್ಕಮ್‌ರ ಪಡೆಗಳು ಎರಡು ದಿಕ್ಕುಗಳಿಂದ ಸುರಪುರದತ್ತ ಧಾವಿಸುತ್ತಿದ್ದವು. ಮೂರು ಸೈನ್ಯಗಳನ್ನು ಒಂದೇ ಸಲ ತಡೆಯುವುದು ಅಸಾಧ್ಯವಾಗಿತ್ತು. ಅರಸನು ಕೆಲವೇ ಕುದುರೆ ಸವಾರರೊಡನೆ ಹೈದರಾಬಾದಿನ ದಾರಿ ಹಿಡಿದನು. ಬರಿದಾದ ಊರನ್ನು ಬ್ರಿಟಿಷರು ವಶಪಡಿಸಿಕೊಂಡರು.

ವಿಚಾರಣೆ ಮತ್ತು ಸಾವು

ಹೈದರಾಬಾದಿನಲ್ಲಿ ಸಿಕ್ಕಿಬಿದ್ದ ವೆಂಕಟಪ್ಪ ನಾಯಕನನ್ನು ನಿಜಾಮನ ದಿವಾನ ಸಾಲಾರ್ ಜಂಗ್ ರೆಸಿಡೆಂಟನಿಗೆ ಒಪ್ಪಿಸಿದನು. ಸೆರೆಯಲ್ಲಿ ಟೇಲರ್ ಅವನನ್ನು ಕಂಡನು. ಬಾಲ್ಯದಿಂದಲೂ ಅರಸನು ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಟೇಲರ್‌ನ ಆತ್ಮಕಥೆಯ ಪ್ರಕಾರ, ಚಿತಾವಣೆ ಮಾಡಿದವರ ಹೆಸರು ಹೇಳಲು ಅರಸನು ಒಪ್ಪಲಿಲ್ಲ. ಕಳ್ಳನಂತೆ ನೇಣಿಗೇರುವುದಕ್ಕಿಂತ ತೋಪಿನ ಬಾಯಿಯೇ ಲೇಸೆಂದನು.

ಸೈನಿಕ ನ್ಯಾಯಾಲಯ ಮರಣದಂಡನೆ ವಿಧಿಸಿತು. ರೆಸಿಡೆಂಟನು ಅದನ್ನು ಜೀವಾವಧಿ ಗಡಿಪಾರಿಗೆ ಇಳಿಸಿದನು. ಗವರ್ನರ್ ಜನರಲ್ ಮತ್ತೂ ತಗ್ಗಿಸಿ ಮದ್ರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ನಿಗದಿಪಡಿಸಿದನು. ಕರೆದೊಯ್ಯುವ ದಾರಿಯ ಮೊದಲ ಬೀಡಿನಲ್ಲೇ ಅರಸನು ಗುಂಡೇಟಿನಿಂದ ಸತ್ತನು. ಕಾವಲು ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿತೆಂಬುದು ಟೇಲರ್ ಕೊಡುವ ವಿವರಣೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವೆಂದು ಜಾತಕದಲ್ಲಿ ಮೊದಲೇ ಬರೆದಿತ್ತೆಂದೂ ಅವನು ಹೇಳುತ್ತಾನೆ. ಬ್ರಿಟಿಷರೇ ಕೊಂದರೆಂಬುದು ಸುರಪುರ ಸೀಮೆಯಲ್ಲಿ ಬಲವಾಗಿರುವ ನಂಬಿಕೆ.

ಪರಿಣಾಮ ಮತ್ತು ಚರಿತ್ರೆಯ ಬರವಣಿಗೆ

ಸಂಸ್ಥಾನವನ್ನು ಬ್ರಿಟಿಷರು ಮುಟ್ಟುಗೋಲು ಹಾಕಿಕೊಂಡರು. 1857ರಲ್ಲಿ ನಿಜಾಮನು ತೋರಿದ ನಿಷ್ಠೆಗೆ ಪ್ರತಿಯಾಗಿ 1860ರ ಒಪ್ಪಂದದಲ್ಲಿ ಸುರಪುರವನ್ನು ಅವನಿಗೆ ಬಿಟ್ಟುಕೊಟ್ಟು, ಅವನ ಐವತ್ತು ಲಕ್ಷ ರೂಪಾಯಿಯ ಸಾಲವನ್ನೂ ಮನ್ನಾ ಮಾಡಿದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಸುರಪುರದಿಂದ ಕಪ್ಪ ಕೇಳಿದ ಹೈದರಾಬಾದಿಗೆ ಈಗ ಸೀಮೆಯೇ ದಕ್ಕಿತು. 1948ರವರೆಗೂ ಅದು ನಿಜಾಮ ರಾಜ್ಯದಲ್ಲಿತ್ತು.

ಈ ಘಟನೆಗಳ ವಿವರವಾದ ಸಮಕಾಲೀನ ನಿರೂಪಣೆ ಬಹುಪಾಲು ಟೇಲರ್‌ನದೇ. ಅರಸನ ಮೇಲೆ ಅವನಿಗೆ ಮಮತೆಯಿತ್ತು, ಆದರೆ ತನ್ನ ಆಡಳಿತವೂ ಅಸಮಾಧಾನಕ್ಕೆ ಕಾರಣವಾಗಿರಬಹುದೆಂಬ ಪ್ರಶ್ನೆಗೆ ಅವನ ಬರವಣಿಗೆಯಲ್ಲಿ ಜಾಗ ಕಡಿಮೆ. ತಪ್ಪೆಲ್ಲ ದುಸ್ಸಂಗದ ತಲೆಗೆ ಹೋಗುತ್ತದೆ. ಕಪಟರಾಳ ಕೃಷ್ಣರಾಯರ ‘ಸುರಪುರ ಸಂಸ್ಥಾನದ ಇತಿಹಾಸ’ದಂಥ ಕನ್ನಡ ಕೃತಿಗಳು ನಾಯಕ ಮನೆತನವನ್ನು ಕೇಂದ್ರದಲ್ಲಿಟ್ಟು ನೋಡಿದವು. ಎರಡನ್ನೂ 1800, 1841 ಮತ್ತು 1853ರ ಬೆಳವಣಿಗೆಗಳ ಜೊತೆಗಿಟ್ಟು ಓದಿದಾಗ, 1858ರ ಕಾಳಗವು ಉಂಬಳಿ, ಆಯುಧ ಮತ್ತು ಗಾದಿಗಳನ್ನು ಒಟ್ಟಿಗೆ ಉಳಿಸಿಕೊಳ್ಳಲು ನಡೆದ ಕೊನೆಯ ಯತ್ನವಾಗಿ ಕಾಣುತ್ತದೆ.