ಸೂಚಿಯ ಕಾಲಮಿತಿ: ವೈದ್ಯಕೀಯ ಸಾಹಿತ್ಯಶೋಧದ ಇತಿಹಾಸದಲ್ಲೊಂದು ಪ್ರಕರಣ

ಅಂತರಜಾಲದಲ್ಲಿ ವಿಜ್ಞಾನ ಸಾಹಿತ್ಯವನ್ನು ಅರಸಲು ನೆರವಾಗುವ ವಿಶೇಷ ಶೋಧಯಂತ್ರಗಳ ಪೈಕಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ 'ಪಬ್‌ಮೆಡ್' ಪ್ರಮುಖವಾದುದು. ಇದರ ಬೇರುಗಳು ಗಣಕಯಂತ್ರದ ಯುಗಕ್ಕಿಂತ ಬಹಳ ಹಿಂದಿನವು. ಸೇನಾ ವೈದ್ಯರೂ ಗ್ರಂಥಪಾಲಕರೂ ಆಗಿದ್ದ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಆರಂಭಿಸಿದ 'ಇಂಡೆಕ್ಸ್ ಮೆಡಿಕಸ್' ಎಂಬ ಮುದ್ರಿತ ಲೇಖನಸೂಚಿಯೇ ಇದರ ಮೂಲ.

ಸೂಚಿಯ ನಿಜವಾದ ಬಲವಿದ್ದುದು ವಿಷಯಶೀರ್ಷಿಕೆಗಳಲ್ಲಿ. ಒಂದೇ ಕಾಯಿಲೆಯನ್ನು ಲೇಖಕರು ಹತ್ತು ಹೆಸರುಗಳಿಂದ ಕರೆದರೂ, ಲೇಖನವನ್ನು ಓದಿದ ಸೂಚಿಕಾರನು ಅದನ್ನು ನಿಗದಿತವಾದ ಒಂದೇ ಶೀರ್ಷಿಕೆಯಡಿ ಸೇರಿಸುತ್ತಿದ್ದನು. 1960ರಲ್ಲಿ ಪ್ರಕಟವಾದ 'ಮೆಶ್' ಎಂಬ ಪದಪಟ್ಟಿಯು ಈ ಕ್ರಮಕ್ಕೆ ಖಚಿತ ರೂಪ ನೀಡಿತು. 1964ರಲ್ಲಿ 'ಮೆಡ್‌ಲಾರ್ಸ್' ಗಣಕವ್ಯವಸ್ಥೆ ಕಾರ್ಯಾರಂಭ ಮಾಡಿದಾಗ ಸಂಶೋಧಕನು ತನ್ನ ಪ್ರಶ್ನೆಯನ್ನು ಕಳುಹಿಸಿ ಉತ್ತರಕ್ಕಾಗಿ ವಾರಗಟ್ಟಲೆ ಕಾಯಬೇಕಾಗಿತ್ತು. 1971ರ 'ಮೆಡ್‌ಲೈನ್' ದೂರವಾಣಿ ತಂತಿಯ ಮೂಲಕ ಅದನ್ನು ನಿಮಿಷಗಳಿಗೆ ಇಳಿಸಿತಾದರೂ, ಪ್ರಶ್ನೆಯನ್ನು ಕೇಳುವ ಕೆಲಸ ಬಹುಮಟ್ಟಿಗೆ ತರಬೇತಾದ ಗ್ರಂಥಪಾಲಕರದೇ ಆಗಿತ್ತು. 1997ರ ಜೂನ್‌ನಲ್ಲಿ ಪಬ್‌ಮೆಡ್ ಸರ್ವರಿಗೂ ಉಚಿತವಾಯಿತು. ಗ್ರಂಥಪಾಲಕನ ಮಧ್ಯಸ್ಥಿಕೆಯಿಲ್ಲದೆ ಸಂಶೋಧಕನೇ ನೇರವಾಗಿ ಹುಡುಕುವುದು ರೂಢಿಯಾಯಿತು. ಈ ಲಾಭದೊಡನೆ ಆದ ನಷ್ಟವನ್ನು ಆಗ ಯಾರೂ ಹೆಚ್ಚಾಗಿ ಎಣಿಸಿದಂತಿಲ್ಲ.

2001ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸವನ್ನು ಕುರಿತ ಒಂದು ಪ್ರಯೋಗ ನಡೆಯಿತು. ಅದಕ್ಕಾಗಿ ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಮೂಲಕ ಸೇವಿಸಿದ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬರು ಶ್ವಾಸಕೋಶಗಳು ವಿಫಲಗೊಂಡು, ಸುಮಾರು ಒಂದು ತಿಂಗಳಲ್ಲಿ, ಜೂನ್ 2ರಂದು ಮರಣ ಹೊಂದಿದರು. ಪ್ರಯೋಗಕ್ಕೆ ಮುನ್ನ ಸಂಶೋಧಕರು ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಆದರೆ ಆ ಶೋಧ ತಲುಪಿದ್ದು 1966ರವರೆಗೆ ಮಾತ್ರ. ರಕ್ತದೊತ್ತಡಕ್ಕೆ ಈ ಔಷಧವನ್ನು ಬಳಸುತ್ತಿದ್ದ 1950ರ ದಶಕದಲ್ಲಿಯೇ ಅದರಿಂದ ಶ್ವಾಸಕೋಶಕ್ಕೆ ಹಾನಿಯಾಗಬಹುದೆಂದು ವೈದ್ಯರು ಬರೆದಿದ್ದರು. ಆ ಲೇಖನಗಳನ್ನು ಅರಸಬೇಕಾಗಿದ್ದುದು ಮುದ್ರಿತ ಸಂಪುಟಗಳಲ್ಲಿ. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರದ ಮೇಲ್ವಿಚಾರಣಾ ಕಚೇರಿಯು ಆ ಸಂಸ್ಥೆಯಲ್ಲಿ ಸರ್ಕಾರಿ ಧನಸಹಾಯದಿಂದ ಮಾನವರ ಮೇಲೆ ನಡೆಯುತ್ತಿದ್ದ ಬಹುತೇಕ ಸಂಶೋಧನೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು.

ದೋಷ ಯಂತ್ರದ್ದೆನ್ನಲಾಗದು; ತನ್ನಲ್ಲಿದ್ದುದನ್ನು ಅದು ಸರಿಯಾಗಿಯೇ ಕೊಟ್ಟಿತ್ತು. ತನ್ನ ದಾಖಲೆಗಳು ಯಾವ ವರ್ಷದಿಂದ ಮೊದಲಾಗುತ್ತವೆಂಬುದನ್ನು ಫಲಿತಾಂಶದ ಪಟ್ಟಿ ತಾನಾಗಿ ಹೇಳುವುದಿಲ್ಲ. ಕಪಾಟಿನ ಮುಂದೆ ನಿಂತವನಿಗಾದರೋ ಸಂಪುಟದ ಬೆನ್ನಿನ ಮೇಲಿನ ಇಸವಿ ಕಣ್ಣಿಗೆ ಬೀಳದೆ ಇರದು.

ತರುವಾಯ ಹಳೆಯ ಮುದ್ರಿತ ಸೂಚಿಗಳ ದಾಖಲೆಗಳನ್ನು ಹಂತಹಂತವಾಗಿ ಗಣಕಕ್ಕೆ ಏರಿಸಲಾಯಿತು. ಇಂದು ಮೆಡ್‌ಲೈನ್ 1946ರವರೆಗೆ ಹಿಂದಕ್ಕೆ ಚಾಚಿದೆ. 2022ರಿಂದ ಲೇಖನಗಳಿಗೆ ವಿಷಯಶೀರ್ಷಿಕೆ ನೀಡುವ ಕೆಲಸವನ್ನೂ ಬಹುತೇಕ ಗಣಕವೇ ಮಾಡುತ್ತಿದೆ. ಇಂಡೆಕ್ಸ್ ಮೆಡಿಕಸ್‌ನ ಮುದ್ರಣ 2004ರಲ್ಲಿ ನಿಂತಿತು.