ಫ್ಲಾಯ್ಡ್ ರೋಸ್ ಬ್ರಿಡ್ಜ್ ಅಳವಡಿಕೆ

ಎಲೆಕ್ಟ್ರಿಕ್ ಗಿಟಾರಿನ ಮೂಲ ಬ್ರಿಡ್ಜ್ ತೆಗೆದು, ತಂತಿಗಳನ್ನು ಎರಡೂ ತುದಿಯಲ್ಲಿ ಬಿಗಿಹಿಡಿಯುವ ಟ್ರೆಮೊಲೊ (ಹಿಡಿಯಿಂದ ತಂತಿಗಳ ಶ್ರುತಿ ಬದಲಿಸುವ ಬ್ರಿಡ್ಜ್) ಕೂರಿಸುವ ಮಾರ್ಪಾಡು. ಅಮೆರಿಕದ ಫ್ಲಾಯ್ಡ್ ಡಿ. ರೋಸ್ ಈ ಸಾಧನಕ್ಕೆ 1979ರಲ್ಲಿ ಪೇಟೆಂಟ್ ಪಡೆದರು. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಬಳಸಿದ ಮೇಲೆ ಅದು ರಾಕ್ ವಾದಕರಲ್ಲಿ ಹರಡಿತು.

1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನ ಟ್ರೆಮೊಲೊ ಆರು ಸ್ಕ್ರೂಗಳ ಮೇಲೆ ವಾಲುತ್ತದೆ. ಫ್ಲಾಯ್ಡ್ ರೋಸ್ ನಿಲ್ಲುವುದು ಎರಡೇ ಗೂಟಗಳಿಗೆ ಆತು. ಅದರ ತಳಫಲಕದ ಅಂಚು ಚಾಕುವಿನ ಬಾಯಿಯಷ್ಟು ತೆಳು. ಆದ್ದರಿಂದ ಹಳೆಯ ತೂತುಗಳಿಗೆ ಗಟ್ಟಿಮರದ ಬೆಣೆ ಅಂಟಿಸಿ ಮುಚ್ಚಿ, ಗೂಟಗಳಿಗೆ ಹೊಸದಾಗಿ ಕೊರೆದು, ಕೆಳಗಿನ ಕುಳಿಯನ್ನು ರೂಟರಿನಿಂದ ಅಗಲಿಸುತ್ತಾರೆ. ಹಿಡಿಯನ್ನು ಮೇಲಕ್ಕೂ ಎಳೆಯಬೇಕೆಂದರೆ ಬ್ರಿಡ್ಜಿನ ಹಿಂದೆಯೂ ಮರ ತೋಡಬೇಕು. ಎಲ್ಲಕ್ಕಿಂತ ನಾಜೂಕಿನದು ಗೂಟಗಳ ಜಾಗ. ಸ್ಟ್ರಾಟೊಕಾಸ್ಟರಿನ 648 ಮಿ.ಮೀ. ತಂತಿಯಳತೆಗೆ ಅದು ಹೊಂದದಿದ್ದರೆ, ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್‌ಗಳನ್ನು ಎಷ್ಟು ಸರಿಸಿದರೂ ಶ್ರುತಿ ಕೂಡದು. ಕತ್ತಿನ ತುದಿಯಲ್ಲಿ ತಂತಿ ಬಿಗಿಹಿಡಿಯುವ ಲಾಕಿಂಗ್ ನಟ್‌ಗೂ ಸಾಮಾನ್ಯವಾಗಿ ಮರ ತಗ್ಗಿಸಬೇಕಾಗುತ್ತದೆ.

ತಂತಿಯ ಗುಂಡುತುದಿ ಕತ್ತರಿಸಿ ಸ್ಯಾಡಲ್‌ನಲ್ಲಿ ಬಿಗಿಯುವುದು ವಾಡಿಕೆ. ನಟ್ ಬಿಗಿದ ಮೇಲೆ ಶ್ರುತಿ ತಿದ್ದುವುದು ಬ್ರಿಡ್ಜಿನ ಸಣ್ಣ ತಿರುಪುಗಳಿಂದ ಮಾತ್ರ. ಹಿಡಿಯನ್ನು ಮೇಲಕ್ಕೂ ಎಳೆಯಬಲ್ಲ ತೇಲುವ ಜೋಡಣೆಯಲ್ಲಿ ಹಿಂಬದಿಯ ಸ್ಪ್ರಿಂಗುಗಳ ಸೆಳೆತ ತಂತಿಗಳ ಸೆಳೆತಕ್ಕೆ ಸರಿದೂಗಬೇಕು. ಒಂದು ತಂತಿ ಕಡಿದರೆ ಉಳಿದ ಐದರ ಶ್ರುತಿಯೂ ಏರುತ್ತದೆ, ಕಛೇರಿಯ ನಡುವೆ ಇದೊಂದು ಪೀಡೆಯೇ ಸರಿ. ಹಳೆಯ, ಬೆಲೆಬಾಳುವ ಗಿಟಾರಿಗೆ ಈ ಕೆಲಸ ಸಲ್ಲದು: ಮರ ಕಡಿದೊಡನೆ ಅದರ ಮರುಮಾರಾಟದ ಬೆಲೆ ಇಳಿಯುತ್ತದೆ.