ಹಡಗು ಹತ್ತಿದ ಕಲಮು

ವಕೀಲಿಯಲ್ಲಿ ಆಯುಷ್ಯ ಸವೆಸಿದ ನನಗೆ ಕೀನ್ಯಾ ಎಂದೊಡನೆ ನೆನಪಾಗುವುದು ನಮ್ಮ ದಂಡ ಸಂಹಿತೆ. ಮೊಂಬಾಸಾದಿಂದ ರೈಲುಹಳಿ ಹಾಸಲು ಹಿಂದೂಸ್ತಾನದ ಕೂಲಿಗಳನ್ನು ಹಡಗಿನಲ್ಲಿ ಸಾಗಿಸಿದ ಬ್ರಿಟಿಷರು, 1897ರಲ್ಲಿ ನಮ್ಮ 1860ರ ಸಂಹಿತೆಯನ್ನೂ ಅಲ್ಲಿಗೆ ಅನ್ವಯಿಸಿದರು. ಗಂಡು ಗಂಡಿನೊಡನೆ ಕೂಡುವುದನ್ನು ಪ್ರಕೃತಿವಿರುದ್ಧವೆಂದು ದಂಡಿಸುವ 377ನೇ ಕಲಮು ಅದರೊಳಗಿತ್ತು. 1930ರಲ್ಲಿ ಅಲ್ಲಿಗೆ ಬೇರೆ ಸಂಹಿತೆ ಬಂದರೂ ಅಪರಾಧ ಉಳಿಯಿತು. ಈಗಿನ 162ನೇ ಕಲಮಿನಂತೆ 14 ವರ್ಷದವರೆಗೆ ಸೆರೆ.

ಸಲಿಂಗಪ್ರೇಮವನ್ನು ಪರದೇಶಿ ಚಾಳಿಯೆಂದು ಬೈಯುವ ಅಲ್ಲಿನ ಧುರೀಣರು, ಪರದೇಶಿ ಕಾನೂನನ್ನು ಮಾತ್ರ ಆಫ್ರಿಕದ ಸಂಸ್ಕೃತಿಯೆಂದು ಕಾಯುತ್ತಾರೆ. ಶಿಕ್ಷೆಯಾಗುವುದು ಅಪರೂಪ. ಆದರೆ ಕಲಮು ಇದೆಯೆಂಬುದೇ ಸಾಕು: ಮಾಲೀಕ ಮನೆ ಬಿಡಿಸುತ್ತಾನೆ, ಗುಟ್ಟು ತಿಳಿದವನು ಹಣ ಕೀಳುತ್ತಾನೆ, ಪೆಟ್ಟು ತಿಂದವನು ಠಾಣೆಯ ಮೆಟ್ಟಿಲು ಹತ್ತಲು ಅಂಜುತ್ತಾನೆ.

ಲೇಖಕ ಬಿನ್ಯವಾಂಗ ವೈನೈನ 2014ರಲ್ಲಿ, ತೀರಿಹೋದ ತಾಯಿಗೆ ಹೇಳುವಂತೆ ಬರೆದ ಪ್ರಬಂಧದಲ್ಲಿ, ತಾನು ಸಲಿಂಗಪ್ರೇಮಿಯೆಂದು ನಾಡಿಗೇ ತಿಳಿಸಿದರು. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟು, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದಿತು. ಆ ತೀರ್ಪು ನೈರೋಬಿಯ ಹೈಕೋರ್ಟಿನಲ್ಲೂ ವಾದಕ್ಕೆ ಬಂತು. 2019ರ ಮೇ 24ರಂದು ಕೋರ್ಟು ಕಲಮನ್ನು ತೆಗೆಯಲು ಒಪ್ಪಲಿಲ್ಲ. ವೈನೈನ ಮೂರು ದಿನ ಮೊದಲೇ ಕಣ್ಮುಚ್ಚಿದ್ದರು.

2023ರಲ್ಲಿ ಕೀನ್ಯಾದ ಸುಪ್ರೀಂ ಕೋರ್ಟು, ಇವರು ಸಂಘ ಕಟ್ಟಿ ನೋಂದಾಯಿಸಿಕೊಳ್ಳಬಹುದೆಂದು ಹೇಳಿತು. ಸಂಘಕ್ಕೆ ಮಾನ್ಯತೆ, ಸಂಗಕ್ಕೆ ಸೆರೆಮನೆ! ನಾವು ಹಿಂತೆಗೆದುಕೊಂಡ ಸರಕು ಅಲ್ಲಿ ಇನ್ನೊಬ್ಬರ ಹೊಸಿಲಲ್ಲಿ ಕುಳಿತಿದೆ.